ಲ್ಯಾಪ್‌ಟಾಪ್ ಸ್ಟೋರೇಜ್ ಹೆಚ್ಚಿಸಲು ಅವಕಾಶವಿದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಮುದ್ರಿಸಲಿ

ಮಾನ್ಯ ಸಂಪಾದಕರೇ,

ಕಡಿಮೆ ಬೆಲೆಯ ಅನೇಕ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ‘64 ಜಿಬಿ ಇಎಂಎಂಸಿ’ (ಬೋರ್ಡಿಗೇ ಬೆಸೆದ ಸ್ಟೋರೇಜ್ ಚಿಪ್) ಎಂಬ ಒಂದು ಸಾಲು ಇರುತ್ತದೆ. ಈ ಸ್ಟೋರೇಜನ್ನು ಮುಂದೆ ಹೆಚ್ಚಿಸಿಕೊಳ್ಳಲು ಯಂತ್ರದೊಳಗೆ ಅವಕಾಶವಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಎಲ್ಲಿಯೂ ಮುದ್ರಿಸಿರುವುದಿಲ್ಲ. ಕಂಪ್ಯೂಟರ್ ಕಲಿಸುವ ಕೆಲಸದಲ್ಲಿರುವ ನನ್ನ ಬಳಿಗೆ ಇಂಥ ಲ್ಯಾಪ್‌ಟಾಪ್ ಹಿಡಿದು ಬರುವ ವಿದ್ಯಾರ್ಥಿಗಳ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತಿದೆ, ಹೊಸದಾಗಿ ಏನನ್ನು ಸೇವ್ ಮಾಡಲು ಹೋದರೂ ಜಾಗವಿಲ್ಲ ಎನ್ನುತ್ತಿದೆ. ಯಂತ್ರದ ಮಿಕ್ಕೆಲ್ಲ ಭಾಗಗಳೂ ಸುಸ್ಥಿತಿಯಲ್ಲಿರುವಾಗ, ಜಾಗವೊಂದೇ ಸಾಲದ ಕಾರಣಕ್ಕೆ ಅದನ್ನು ಮೂಲೆಗಿಡುವಂತಾಗುವುದು ನನಗೆ ತೀರಾ ನೋವಿನ ಸಂಗತಿ. ಇದರ ಬಗ್ಗೆ ಕೆಲವು ವಿಷಯಗಳನ್ನು ತಮ್ಮ ಪತ್ರಿಕೆಯ ಓದುಗರ ಗಮನಕ್ಕೆ ತರಬಯಸುತ್ತೇನೆ.

ವಿಂಡೋಸ್ 11 ನಡೆಯಲು ಕನಿಷ್ಠ 64 ಜಿಬಿ ಸ್ಟೋರೇಜ್ ಇರಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಂದರೆ 64 ಜಿಬಿಯ ಲ್ಯಾಪ್‌ಟಾಪ್ ಆ ಕನಿಷ್ಠ ಗೆರೆಯ ಮೇಲೆಯೇ ನಿಂತಿದೆ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ 64 ಪರದೆಯ ಮೇಲೆ 60ರ ಒಳಗೇ ಇಳಿಯುತ್ತದೆ. ಅದರಲ್ಲಿ ವಿಂಡೋಸ್ ತಾನೇ ಬಹುಪಾಲು ನುಂಗುತ್ತದೆ, ರಿಕವರಿಗೆಂದು ಒಂದು ಭಾಗ ಹೋಗುತ್ತದೆ, ಅಪ್‌ಡೇಟ್‌ಗಳಿಗಾಗಿ ಸುಮಾರು 7 ಜಿಬಿಯನ್ನು ವ್ಯವಸ್ಥೆಯೇ ಕಾದಿರಿಸಿಕೊಳ್ಳುತ್ತದೆ. ಆಫೀಸ್ ತಂತ್ರಾಂಶ, ಒಂದೆರಡು ಬ್ರೌಸರ್, ತರಗತಿಯ ವಿಡಿಯೊಗಳು ಸೇರಿದರೆ ಉಳಿಯುವುದು ಅಲ್ಪಸ್ವಲ್ಪ. 32 ಜಿಬಿಯ ಹಳೆಯ ಯಂತ್ರಗಳ ಪಾಡು ಇದಕ್ಕಿಂತ ಕಷ್ಟದ್ದು. ಜಾಗ ತುಂಬಿದ ಫ್ಲ್ಯಾಶ್ ಸ್ಟೋರೇಜ್ ನಿಧಾನವಾಗುವುದಲ್ಲದೆ, ಭದ್ರತೆಗೆ ಅತ್ಯಗತ್ಯವಾದ ಅಪ್‌ಡೇಟ್‌ಗಳು ನಿಂತುಹೋಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಇಎಂಎಂಸಿ ಎಂಬುದು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಚಿಪ್. ಹಾರ್ಡ್ ಡಿಸ್ಕನ್ನು ಬಿಚ್ಚಿ ದೊಡ್ಡದನ್ನು ಹಾಕುವಂತೆ ಇದನ್ನು ಬದಲಿಸಲು ಬರುವುದಿಲ್ಲ. ಹಾಗಾಗಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಒಳಗೆ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಎಂಬ ಸ್ಟೋರೇಜ್ ಕಾರ್ಡ್ ಕೂರಿಸುವ ಜಾಗ) ಇದೆಯೇ ಎಂಬುದು. ಇದ್ದರೆ 64 ಜಿಬಿಯ ಯಂತ್ರವೂ ವರ್ಷಗಟ್ಟಲೆ ಬಾಳುತ್ತದೆ. ಇಲ್ಲದಿದ್ದರೆ 128 ಜಿಬಿಯದೂ ಒಂದು ದಿನ ಇದೇ ಇಕ್ಕಟ್ಟಿಗೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂಬದಿಯ ಮುಚ್ಚಳ ತೆಗೆದಾಗ 22 ಮಿಲಿಮೀಟರ್ ಅಗಲದ ಕಾರ್ಡ್ ಕೂರುವಂಥ ಸಣ್ಣ ಸ್ಲಾಟ್, ಅದರ ಎದುರಿಗೆ ಒಂದು ಸ್ಕ್ರೂ ಕೂರುವ ಪುಟ್ಟ ಕಂಬ ಕಂಡರೆ ಅದೇ ಎಂ.2 ಜಾಗ. ಕೆಲವು ಬೋರ್ಡುಗಳಲ್ಲಿ ಸ್ಲಾಟ್‌ನ ಗುರುತುಗಳು ಅಚ್ಚಾಗಿದ್ದರೂ ಕನೆಕ್ಟರನ್ನೇ ಕೂರಿಸಿರುವುದಿಲ್ಲ; ಮುಚ್ಚಳ ತೆಗೆಯುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ. ವೈಫೈ ಕಾರ್ಡ್ ಕೂರುವುದೂ ಎಂ.2 ಸ್ಲಾಟ್‌ನಲ್ಲೇ ಆದರೂ ಅದರ ಕಚ್ಚು ಬೇರೆ, ಎಸ್‌ಎಸ್‌ಡಿ ಅದರಲ್ಲಿ ಕೂರುವುದಿಲ್ಲ. ಸರಿಯಾದ ಸ್ಲಾಟ್ ಸಿಕ್ಕ ಮೇಲೂ ಅದು ಸಾಟಾ ಬಗೆಯ ಎಸ್‌ಎಸ್‌ಡಿಗೆ ಮೀಸಲೋ, ಎನ್‌ವಿಎಂಇ ಬಗೆಯದಕ್ಕೋ ಎಂಬುದನ್ನು ಆ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು; ಎರಡೂ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಒಂದಕ್ಕೆ ಮೀಸಲಾದ ಸ್ಲಾಟ್‌ನಲ್ಲಿ ಇನ್ನೊಂದು ಕೆಲಸ ಮಾಡುವುದಿಲ್ಲ. ಉದ್ದವೂ ಮುಖ್ಯ: 2280 ಎಂದರೆ 80 ಮಿಲಿಮೀಟರ್ ಉದ್ದ, 2242 ಎಂದರೆ 42. ಬ್ಯಾಟರಿಯ ಕನೆಕ್ಟರನ್ನು ಬಿಡಿಸಿಟ್ಟು, ಕಾರ್ಡನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಮೆಲ್ಲನೆ ಒತ್ತಿ ಮಲಗಿಸಿ ಸ್ಕ್ರೂ ಬಿಗಿದರೆ ಯಂತ್ರದೊಳಗಿನ ಕೆಲಸ ಮುಗಿಯಿತು.

ವಿಂಡೋಸ್ ಪರವಾನಗಿ ಕೈತಪ್ಪುತ್ತದೆ ಎಂಬ ಹೆದರಿಕೆಯಿಂದ ಈ ಕೆಲಸಕ್ಕೆ ಹಿಂಜರಿಯುವವರು ಬಹಳ. ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಹೊಸ ಎಸ್‌ಎಸ್‌ಡಿಯಲ್ಲಿ ಅದೇ ಆವೃತ್ತಿಯನ್ನು ಹಾಕಿ ಇಂಟರ್‌ನೆಟ್‌ಗೆ ಸೇರಿಸಿದರೆ ಅದು ತಾನಾಗಿಯೇ ಸಕ್ರಿಯವಾಗುತ್ತದೆ. ಆದರೆ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿದ್ದರೆ (ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿದ್ದರೆ) ವಿಂಡೋಸ್‌ನ ಆ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. 48 ಅಂಕಿಗಳ ಆ ಕೀ ಇಲ್ಲದೆ ಕಡತಗಳನ್ನು ಶಾಶ್ವತವಾಗಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಸ್ಲಾಟ್ ಇಲ್ಲದವರಿಗೆ ಉಳಿಯುವುದು ಮೈಕ್ರೊಎಸ್‌ಡಿ ಕಾರ್ಡ್ ಮತ್ತು ಯುಎಸ್‌ಬಿ ಡ್ರೈವ್. ಫೋಟೊ, ವಿಡಿಯೊ, ಪಾಠದ ಪಿಡಿಎಫ್‌ಗಳಿಗೆ ಕಾರ್ಡ್ ಧಾರಾಳವಾಗಿ ಸಾಕು. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಹೊಸ ಕಡತಗಳು ಎಲ್ಲಿ ಸೇವ್ ಆಗಬೇಕೆಂಬುದನ್ನು ಒಮ್ಮೆ ಬದಲಿಸಿಬಿಟ್ಟರೆ ಆಮೇಲೆ ಅದರ ಯೋಚನೆಯೇ ಬೇಕಿಲ್ಲ. ಕಾರ್ಡನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ, ಕಡತಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುವುದು ಒಳ್ಳೆಯದು. ಹಳೆಯ ಪದ್ಧತಿಯಾದ ಫ್ಯಾಟ್32ರಲ್ಲಿ 4 ಜಿಬಿ ಮತ್ತು ಅದಕ್ಕೂ ದೊಡ್ಡದಾದ ಒಂದೇ ಕಡತ ಹಿಡಿಸುವುದಿಲ್ಲ. ಯುಎಸ್‌ಬಿ ಡ್ರೈವ್ ಹಾಕುವವರು 3.0 ಪೋರ್ಟನ್ನೇ ಹುಡುಕಬೇಕು. ಅದರ ವೇಗದ ಮಿತಿ ಸೆಕೆಂಡಿಗೆ 5 ಗಿಗಾಬಿಟ್, ಹಳೆಯ 2.0ದ್ದು 480 ಮೆಗಾಬಿಟ್ ಮಾತ್ರ. ಕಾರ್ಡ್ ವಿಂಡೋಸ್‌ನ ಹೊರೆ ಹೊರಬಲ್ಲದೆಂದು ಮಾತ್ರ ನಂಬಬಾರದು. ಹೆಚ್ಚಿನ ತಂತ್ರಾಂಶಗಳು ಸಿ ಡ್ರೈವ್‌ನಲ್ಲೇ ಕೂರಲು ಬಯಸುತ್ತವೆ, ಕಾರ್ಡಿಗೆ ಸರಿಸಿದವು ಕಾರ್ಡ್ ತೆಗೆದ ಕೂಡಲೇ ನಿಂತುಹೋಗುತ್ತವೆ. ಮುಖ್ಯ ಕಡತಗಳ ಒಂದೇ ಒಂದು ಪ್ರತಿಯನ್ನು ಕಾರ್ಡಿನಲ್ಲಿಟ್ಟು ನಿಶ್ಚಿಂತರಾಗುವುದು ಸಲ್ಲದು.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಅತಿ ಅಗ್ಗಕ್ಕೆ ಸಿಗುವ 1 ಟಿಬಿ, 2 ಟಿಬಿ ಕಾರ್ಡುಗಳಲ್ಲಿ ನಕಲಿಯವು ಬಹಳ. ಒಳಗೆ 16 ಅಥವಾ 32 ಜಿಬಿಯಷ್ಟೇ ಇದ್ದರೂ ತನ್ನ ಸಾಮರ್ಥ್ಯವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುವಂತೆ ಕಾರ್ಡನ್ನು ನಿಯಂತ್ರಿಸುವ ಚಿಪ್ಪನ್ನೇ (ಕಂಟ್ರೋಲರ್) ತಿದ್ದಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆಮೇಲೆ ಬರೆದದ್ದು ಹಳೆಯದನ್ನು ಅಳಿಸುತ್ತ ಹೋಗುತ್ತದೆ. ಕಡತದ ಹೆಸರು ಪಟ್ಟಿಯಲ್ಲಿರುತ್ತದೆ, ತೆರೆದರೆ ಒಳಗೆ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿ, ಮರಳಿ ಓದಿ, ಈ ಮೋಸವನ್ನು ಬಯಲು ಮಾಡುತ್ತವೆ. ಕೊಂಡ ದಿನವೇ, ಒಂದೂ ಫೋಟೊ ಹಾಕುವ ಮುನ್ನ, ಈ ಪರೀಕ್ಷೆ ಮಾಡಬೇಕು.

ಜಾಗ ಸಾಲದೆ ಅಪ್‌ಡೇಟ್ ನಿಂತಾಗ 10 ಜಿಬಿಗಿಂತ ಹೆಚ್ಚು ಖಾಲಿ ಇರುವ ಪೆನ್‌ಡ್ರೈವ್ ಚುಚ್ಚಿದರೆ ವಿಂಡೋಸ್ ಅದನ್ನೇ ತಾತ್ಕಾಲಿಕ ಜಾಗವಾಗಿ ಬಳಸಿಕೊಂಡು ಕೆಲಸ ಮುಗಿಸಬಲ್ಲದು ಎಂಬುದು ಅನೇಕರಿಗೆ ಗೊತ್ತಿಲ್ಲ. ಒನ್‌ಡ್ರೈವ್ ಬಳಸುವವರು ‘ಫ್ರೀ ಅಪ್ ಸ್ಪೇಸ್’ ಆಯ್ಕೆಯಿಂದ ಕಡತವನ್ನು ಯಂತ್ರದಿಂದ ಇಳಿಸಿ ಕ್ಲೌಡ್‌ನಲ್ಲಷ್ಟೇ ಉಳಿಸಿಕೊಳ್ಳಬಹುದು. ನೇರವಾಗಿ ಡಿಲೀಟ್ ಮಾಡಿದರೆ ಕ್ಲೌಡ್‌ನಿಂದಲೂ ಅಳಿಯುತ್ತದೆ ಎಂಬ ವ್ಯತ್ಯಾಸ ಮರೆಯಬಾರದು.

ಇಷ್ಟೆಲ್ಲ ಸರ್ಕಸ್ಸನ್ನು ಬಳಕೆದಾರರು ಮಾಡಬೇಕಾಗಿ ಬಂದಿರುವುದು ಪೆಟ್ಟಿಗೆಯ ಮೇಲೆ ಎರಡು ಸಾಲು ಇಲ್ಲದ ಕಾರಣಕ್ಕೆ. ಇಂಥ ಲ್ಯಾಪ್‌ಟಾಪ್‌ಗಳನ್ನು ಹೆಚ್ಚಾಗಿ ಕೊಳ್ಳುವವರು ಮೊದಲ ಬಾರಿಗೆ ಕಂಪ್ಯೂಟರ್ ಕೊಳ್ಳುವ ಮನೆಯವರು ಮತ್ತು ವಿದ್ಯಾರ್ಥಿಗಳು. ಎರಡನೆಯದನ್ನು ಕೊಳ್ಳುವ ಅನುಕೂಲ ಅವರಿಗಿರುವುದಿಲ್ಲ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಅದನ್ನು ಎಷ್ಟರಮಟ್ಟಿಗೆ ರಿಪೇರಿ ಮಾಡಬಹುದೆಂಬ ಅಂಕವನ್ನು 10ಕ್ಕೆ ಇಷ್ಟು ಎಂದು ಗ್ರಾಹಕರಿಗೆ ಕಾಣುವಂತೆ ತೋರಿಸುವುದು ಕಡ್ಡಾಯವಾಗಿದೆ. ಸ್ಟೋರೇಜ್ ಬೆಸುಗೆ ಹಾಕಿದ್ದೇ ಅಥವಾ ಬದಲಿಸಬಹುದಾದದ್ದೇ, ಖಾಲಿ ಸ್ಲಾಟ್ ಇದ್ದರೆ ಯಾವ ಬಗೆಯದು, ಮೊದಲ ಸಲ ಆನ್ ಮಾಡಿದಾಗ ಬಳಕೆಗೆ ಉಳಿಯುವ ಜಾಗ ಎಷ್ಟು ಎಂಬುದನ್ನು ಮುದ್ರಿಸುವುದು ಅದಕ್ಕಿಂತ ಎಷ್ಟೋ ಸುಲಭ. ತಯಾರಕರ ಬಳಿ ಈ ಮಾಹಿತಿ ಹೇಗೂ ಇದ್ದೇ ಇರುತ್ತದೆ.

ತಯಾರಕರು ಅದನ್ನು ಮಾಡುವವರೆಗೆ, ತಮ್ಮ ಪತ್ರಿಕೆಯು ಹೊಸ ಲ್ಯಾಪ್‌ಟಾಪ್‌ಗಳನ್ನು ಪರಿಚಯಿಸುವಾಗಲಾದರೂ ಬೆಲೆ, ಬಣ್ಣ, ತೂಕದ ಜೊತೆಗೆ ಈ ವಿವರಗಳನ್ನೂ ಕಂಪನಿಯಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು, ಉತ್ತರ ಬಾರದಿದ್ದಲ್ಲಿ ‘ಕಂಪನಿ ಮಾಹಿತಿ ನೀಡಿಲ್ಲ’ ಎಂದು ಹಾಗೆಯೇ ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ