ಬಾಯಿಗೆ ಮುಂಚೆ ಕೈ

ಪ್ರೀತಿಯ ತಮ್ಮಾ,

ನಿನ್ನ ಮಂಡಕ್ಕಿ ಭಟ್ಟಿ ಚಿತ್ರಕಥೆಯ ಎರಡೂ ಡ್ರಾಫ್ಟ್ ಓದಿದೆ. ಮೊದಲನೆಯದನ್ನು ದಾವಣಗೆರೆಯಿಂದ ದುರ್ಗಕ್ಕೆ ಬರುವ ಬಸ್ಸಿನಲ್ಲೇ ಮುಗಿಸಿದೆ. ಎರಡನೆಯದನ್ನು ಮನೆಯಲ್ಲಿ, ಪೆನ್ಸಿಲ್ ಹಿಡಿದು ಓದಿದೆ. ಮೊದಲನೆಯದರಲ್ಲಿ ಅಪ್ಪ, ಮಗ ಒಂಬತ್ತು ಪುಟ ಬಿಡದೆ ಮಾತಾಡುತ್ತಾರೆ. ಆಮೇಲೆ ಯಾರೋ ನಿನಗೆ ‘ಸಿನಿಮಾ ಅಂದ್ರೆ ದೃಶ್ಯ, ಮಾತು ಕಡಿಮೆ ಮಾಡು’ ಅಂದಿರಬೇಕು. ಎರಡನೆಯದರಲ್ಲಿ ಇಬ್ಬರ ಬಾಯಿಗೂ ಬೀಗ. ಅದರ ಬದಲು ‘ನೋಡುತ್ತಾನೆ’ ಅನ್ನುವ ಪದ 14 ಸಲ ಬಂದಿದೆ. ಎಣಿಸಿದೆ. ಅಪ್ಪ ಮಗನನ್ನು ನೋಡುತ್ತಾನೆ, ಮಗ ಭಟ್ಟಿ ನೋಡುತ್ತಾನೆ, ಆಮೇಲೆ ಇಬ್ಬರೂ ಹೊಗೆ ನೋಡುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಅಷ್ಟು ಹೊತ್ತು ಸುಮ್ನೆ ನಿಂತರೆ ಮಂಡಕ್ಕಿ ಸೀದು ಹೋಗುತ್ತದೆ, ಅಲ್ವಾ?

ಮಾತು ಜಾಸ್ತಿ ಆಗಿದ್ದು ನಿನ್ನೊಬ್ಬನ ತಪ್ಪಲ್ಲ. ನಮ್ಮ ಕಡೆಯವರ ಕಿವಿಯಲ್ಲಿ ಕಂಪನಿ ನಾಟಕ ಕೂತುಬಿಟ್ಟಿದೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಿಮ್ಮೂರಿನದೇ. ಹಿಂದಿನ ಸಾಲಿನಲ್ಲಿ ಕೂತವನಿಗೆ ನಟನ ಕಣ್ಣಿನ ನೀರು ಕಾಣುವುದಿಲ್ಲ. ‘ಅಯ್ಯೋ, ಕಣ್ಣೀರು ಉಕ್ಕಿ ಬರುತ್ತಿದೆಯಲ್ಲಾ’ ಅಂತ ಕೂಗಿ ಹೇಳಿದರೇ ಅವನಿಗೆ ಮುಟ್ಟುವುದು. ಅಲ್ಲಿ ಅದು ಸರಿ. ಆದರೆ ಕ್ಯಾಮೆರಾ ಮೂಗಿನ ಹತ್ತಿರವೇ ಬಂದು ನಿಲ್ಲುತ್ತದೆ. ನನ್ನ ಮೊದಲ ಕಿರುಚಿತ್ರದಲ್ಲಿ ಒಬ್ಬ ಹೆಂಗಸು ಬಾಗಿಲು ಹಾಕುತ್ತಾ ‘ಬಾಗಿಲು ಹಾಕಿಬಿಡ್ತೀನಿ’ ಅನ್ನುತ್ತಾಳೆ. ಬರೆದವನು ನಾನೇ. ಎಡಿಟಿಂಗ್‌ನಲ್ಲಿ ಕೇಳಿದಾಗ ತಲೆ ತಗ್ಗಿಸಿದೆ. ತುಟಿ ಚೆನ್ನಾಗಿ ಕಾಣುತ್ತಿತ್ತು, ತೆಗೆಯೋಕೂ ಆಗಲಿಲ್ಲ.

ಹಾಗಂತ ಮಾತು ತೆಗೆದರೆ ದೃಶ್ಯ ಹುಟ್ಟುವುದಿಲ್ಲ. ಮೌನಕ್ಕೂ ಒಂದು ಕಾರಣ ಬೇಕು. ನಮ್ಮ ಕೋಟೆಯ ಓಬವ್ವನ ಕಥೆಯನ್ನೇ ತಗೋ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋಗಿದ್ದಾಳೆ. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದಾರೆ. ಕೂಗಿದರೆ ಆಚೆ ಇರುವವರಿಗೆ ಗೊತ್ತಾಗಿಬಿಡುತ್ತದೆ. ಬಾಯಿ ಕಟ್ಟಿಕೊಂಡೇ ಒನಕೆ ಎತ್ತಬೇಕು. ಆ ಮೌನ ಕಥೆಗೆ ಬೇಕಾಗಿದ್ದು, ಬರೆಯುವವನ ಶೋಕಿ ಅಲ್ಲ. ಆ ಕಿಂಡಿಯ ಮುಂದೆ ನಿಂತಾಗಲೆಲ್ಲ ನನ್ನ ತಲೆಯಲ್ಲಿ ಓಡುವುದು ಮಾತ್ರ ಬೇರೆ. ಊಟ ಮುಗಿಸಿ ಬಂದ ಗಂಡ ಏನಂದಿರಬಹುದು? ಅವನ ಬಾಯಲ್ಲಿ ಹತ್ತು ಸಾಲು ಹೊಗಳಿಕೆ ಇಟ್ಟರೆ ದೃಶ್ಯ ಸತ್ತಿತು. ನಾನಾದರೆ ‘ನೀರು ಎಲ್ಲೇ...’ ಅಂತ ಬರೆದು ಅಲ್ಲಿಗೇ ನಿಲ್ಲಿಸುತ್ತೇನೆ. ಅಷ್ಟೂ ಹೊತ್ತು ಮಾತಿಲ್ಲದೆ ಬಿದ್ದ ಒನಕೆ ಪೆಟ್ಟು ಆ ಎರಡು ಪದಕ್ಕೆ ತೂಕ ಕೊಡುತ್ತದೆ.

ಈಗ ನಿನ್ನ ಭಟ್ಟಿಗೆ ಬರೋಣ. ಮೊದಲ ಡ್ರಾಫ್ಟಿನಲ್ಲಿ ಮಗ ‘ನನಗೆ ಈ ಕೆಲಸ ಇಷ್ಟ ಇಲ್ಲ, ಬೆಂಗಳೂರಿಗೆ ಹೋಗ್ತೀನಿ’ ಅನ್ನುತ್ತಾನೆ. ಅಪ್ಪ ‘ನೀನೂ ಹೋದ್ರೆ ನನಗೆ ಯಾರೋ ದಿಕ್ಕು’ ಅನ್ನುತ್ತಾನೆ. ಮನಸ್ಸಿನಲ್ಲಿ ಇದ್ದದ್ದೆಲ್ಲ ಆಚೆ ಬಂತು, ನೋಡುವವನಿಗೆ ಕೆಲಸವೇ ಉಳಿಯಲಿಲ್ಲ. ಇಷ್ಟು ಮಾತಾಡುವಾಗ ಇಬ್ಬರ ಕೈಗಳು ಏನು ಮಾಡುತ್ತಿದ್ದವು? ಅದೂ ಬರೆದಿಲ್ಲ. ನಾನು ಪೆನ್ಸಿಲ್‌ನಲ್ಲಿ ಹೀಗೆ ಮಾಡಿ ನೋಡಿದೆ:

ಒಳಾಂಗಣ. ಮಂಡಕ್ಕಿ ಭಟ್ಟಿ. ಬೆಳಗಿನ ಜಾವ.

ಕಾದ ಮರಳಿನಲ್ಲಿ ಅಕ್ಕಿ ಚಟಚಟ ಅರಳುತ್ತಿದೆ. ಅಪ್ಪ ಜರಡಿ ಹಿಡಿಯುತ್ತಿದ್ದಾನೆ. ಬಾಗಿಲಲ್ಲಿ ಮಗ. ಇಸ್ತ್ರಿ ಅಂಗಿ, ಹೆಗಲಿಗೆ ಬ್ಯಾಗು.

ಅಪ್ಪ: ಚೀಲ ಹಿಡಿ.

ಮಗ ಬ್ಯಾಗು ಕೆಳಗಿಡದೆ ಒಂದೇ ಕೈಯಲ್ಲಿ ಚೀಲದ ಬಾಯಿ ಹಿಡಿಯುತ್ತಾನೆ. ಅಪ್ಪ ಸುರಿಯುತ್ತಾನೆ. ಅರ್ಧ ಮಂಡಕ್ಕಿ ನೆಲಕ್ಕೆ.

ಅಪ್ಪ: ಬಸ್ಸು ಎಷ್ಟೊತ್ತಿಗೆ?

ಮಗ: ಆರೂವರೆಗೆ.

ಅಪ್ಪ: ಎರಡೂ ಕೈಲಿ ಹಿಡಿಯೋ.

ಬೆಂಗಳೂರಿನ ಹೆಸರೇ ಬರಲಿಲ್ಲ ನೋಡು. ಈಗ ಅಂಗೈಯಿಂದ ಮಾತುಗಳನ್ನು ಮುಚ್ಚಿಕೊಂಡು ಬರೀ ಕ್ರಿಯೆ ಓದು. ಒಬ್ಬ ಮುದುಕ, ಒಬ್ಬ ಹುಡುಗ, ಒಂದು ಚೀಲ, ಅಷ್ಟೇ. ಕ್ರಿಯೆ ಮುಚ್ಚಿ ಬರೀ ಮಾತು ಓದು. ಯಾರೋ ಬಸ್ಸಿನ ಟೈಮು ಕೇಳುತ್ತಿದ್ದಾರೆ. ಎರಡನ್ನೂ ಸೇರಿಸಿದಾಗಲೇ ಅಪ್ಪನ ಸಂಕಟ ಕಾಣುವುದು. ನಿನ್ನ ಪ್ರತಿ ದೃಶ್ಯಕ್ಕೂ ಈ ಅಂಗೈ ಪರೀಕ್ಷೆ ಮಾಡು. ಒಂದನ್ನು ಮುಚ್ಚಿದರೂ ಏನೂ ಕಮ್ಮಿ ಆಗಲಿಲ್ಲ ಅಂದರೆ ಮುಚ್ಚಿದ್ದನ್ನು ಹೊಡೆದು ಹಾಕು. ಅರ್ಧ ಮಾತು, ಅರ್ಧ ಕ್ರಿಯೆ ಅಂತ ತಕ್ಕಡಿ ಹಿಡಿಯಬೇಡ. ಒಂದು ದೃಶ್ಯಕ್ಕೆ ಪೂರ್ತಿ ಜಗಳ ಬೇಕಾಗಬಹುದು, ಇನ್ನೊಂದಕ್ಕೆ ಒಂದು ಕೆಮ್ಮು ಸಾಕು.

ಒಂದೆರಡು ಸಣ್ಣ ವಿಷಯ. ‘ಬಾಲ್ಯದ ನೆನಪು ಉಕ್ಕಿ ಬಂತು’ ಅಂತ ಬರೆದಿದ್ದೀಯ. ಕ್ಯಾಮೆರಾದವನು ಏನು ತೆಗೆಯಬೇಕು, ಪಾಪ? ಕಾಣುವುದನ್ನು, ಕೇಳುವುದನ್ನು ಬರಿ. ಈಗ ನಡೆಯುತ್ತಿದೆ ಅನ್ನುವ ಹಾಗೆ, ಮೂರು ನಾಲ್ಕು ಸಾಲಿಗೆ ಒಂದು ಪ್ಯಾರಾ. ಇನ್ನು ‘ಒಂದು ಪುಟ ಅಂದರೆ ಒಂದು ನಿಮಿಷ’ ಅನ್ನುವ ಲೆಕ್ಕ ನಂಬಿ ಕೂರಬೇಡ. ಅದು ಇಂಗ್ಲಿಷಿನಲ್ಲಿ, ಕೊರಿಯರ್ ಅನ್ನುವ ಫಾಂಟಿನಲ್ಲಿ, 12 ಪಾಯಿಂಟ್ ಅಳತೆಯಲ್ಲಿ ಟೈಪ್ ಮಾಡುವವರ ಅಂದಾಜು. ನಮ್ಮ ಲಿಪಿಗೆ, ಅದರಲ್ಲೂ ನಿನ್ನ ಕೈಬರಹಕ್ಕೆ, ಹೊಂದುವುದಿಲ್ಲ. ‘ಅಪ್ಪ ಚೀಲ ಹೊಲಿಯುತ್ತಾನೆ’ ಅನ್ನುವುದು ಕಾಗದದ ಮೇಲೆ ಅರ್ಧ ಸಾಲು. ನಿಜವಾಗಿ ಹೊಲಿಯೋಕೆ ಎಷ್ಟು ಹೊತ್ತು? ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಮಾತನ್ನು ಜೋರಾಗಿ ಹೇಳಿ, ಕೆಲಸವನ್ನು ಮಾಡಿಯೇ ನೋಡು. ಮನೆಯವರು ನಕ್ಕರೆ ನಗಲಿ.

ಮೂರನೇ ಡ್ರಾಫ್ಟಿಗೆ ಕೂರುವ ಮುಂಚೆ ಒಂದು ಬೆಳಿಗ್ಗೆ ಭಟ್ಟಿಗೆ ಹೋಗಿ ಬಾ. ಯಾರು ಏನಂದರು ಅಂತ ಬರೆದುಕೊಳ್ಳಬೇಡ, ಆ ಭಾಷೆ ನಿನ್ನ ಬಾಯಲ್ಲೇ ಇದೆ. ಕೈ ನೋಡು. ಬೆವರು ಯಾವುದರಲ್ಲಿ ಒರೆಸುತ್ತಾರೆ, ಬೀಡಿ ಯಾವಾಗ ಹಚ್ಚುತ್ತಾರೆ, ಮಾತಾಡುವಾಗ ಕೈ ನಿಲ್ಲುತ್ತದೋ ಇಲ್ಲವೋ. ನನ್ನ ಪ್ರಕಾರ ನಿಲ್ಲುವುದಿಲ್ಲ. ನಿಂತರೆ ಏನೋ ಆಗಿದೆ ಅಂತಲೇ ಅರ್ಥ.

ಆಮೇಲೆ, ನೆಲದ ಮೇಲೆ ಚೆಲ್ಲಿದ ಮಂಡಕ್ಕಿ ಹಾಗೇ ಬಿದ್ದಿದೆ. ಬಸ್ಸು ಹೋದ ಮೇಲೆ ಅದನ್ನು ಯಾರು ಬಾಚುತ್ತಾರೆ, ಏನಾದರೂ ಅನ್ನುತ್ತಾರಾ? ಅದನ್ನು ನೀನು ಬರೆದು ಕಳಿಸು.

ಇಂತಿ,
ನಿನ್ನ ದುರ್ಗದ ಅಣ್ಣ