‘ಕೊಡ್ರಿ’ ಎನ್ನುವ ಮಗು ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕು?

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ವಾರ ಎಂಟನೇ ತರಗತಿಯ ಹುಡುಗನೊಬ್ಬ ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ‘ಸರ್, ಗಿವ್ ಮಿ ದಿ ಕೀ’ ಎಂದ. ಲ್ಯಾಬಿನ ಬೀಗದ ಕೈ ಬೇಕಿತ್ತು. ಅಲ್ಲೇ ಕೂತಿದ್ದ ಹಿರಿಯರೊಬ್ಬರು, ‘ಏನ್ ಹುಡುಗ ರೀ ಇವನು, ಹೆಡ್‌ಮಾಸ್ಟರಿಗೇ ಆರ್ಡರ್ ಮಾಡ್ತಾನೆ’ ಎಂದರು. ಹುಡುಗನ ಮುಖ ಬಾಡಿತು. ನನಗೆ ಅವತ್ತೆಲ್ಲ ಅದೇ ಯೋಚನೆ.

ಅವನು ಒರಟನಲ್ಲ. ಕನ್ನಡದಲ್ಲಾಗಿದ್ದರೆ ‘ಸರ್, ಬೀಗದ ಕೈ ಕೊಡ್ರಿ’ ಎನ್ನುತ್ತಿದ್ದ. ನಮ್ಮ ದಾವಣಗೆರೆಯ ಮಕ್ಕಳಿಗೆ ಆ ‘ರಿ’ ತಾನಾಗೇ ಬರುತ್ತದೆ. ಬೆಣ್ಣೆ ದೋಸೆ ಅಂಗಡಿಯಲ್ಲಿ ‘ಅಣ್ಣಾ, ಒಂಚೂರು ಚಟ್ನಿ ಹಾಕ್ರಿ’ ಎಂದರೆ ಮರ್ಯಾದೆ ಅದರಲ್ಲೇ ಬಂತು. ಇಂಗ್ಲಿಷಿನ ‘ಗಿವ್’ಗೆ ಈ ಬಾಲವಿಲ್ಲ. ಕೊಡು ಅಂದರೂ ಗಿವ್, ಕೊಡ್ರಿ ಅಂದರೂ ಗಿವ್. ಹಿಂದೆ ಅವರಲ್ಲೂ ನೀನು ಎನ್ನಲು ‘ದೌ’, ನೀವು ಎನ್ನಲು ‘ಯು’ ಇತ್ತು. 17ನೇ ಶತಮಾನದ ಹೊತ್ತಿಗೆ ‘ದೌ’ ದಿನದ ಮಾತಿನಿಂದ ಬಹುಮಟ್ಟಿಗೆ ಬಿಟ್ಟುಹೋಯಿತು. ಈಗ ಅಜ್ಜನಿಗೂ ಯು, ತಮ್ಮನಿಗೂ ಯು.

ಹಾಗಾಗಿ ಅಲ್ಲಿ ಮರ್ಯಾದೆ ಮಾತಿನ ತಲೆಗೇ ಬಂದು ಕೂರುತ್ತದೆ: ‘ಕುಡ್ ಯು ಗಿವ್ ಮಿ ದಿ ಕೀ, ಪ್ಲೀಸ್?’ ಇದು ಅಪ್ಪಣೆಯಲ್ಲ, ಪ್ರಶ್ನೆ. ಆಗಲ್ಲ ಎನ್ನಲು ಎದುರಿನವರಿಗೆ ಜಾಗ ಬಿಡುತ್ತದೆ. ‘ಕುಡ್’ ಭೂತಕಾಲ ಅಲ್ವಾ ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿ ಅಲ್ಲ, ‘ಕ್ಯಾನ್’ಗಿಂತ ಮೆತ್ತಗೆ ಕೇಳಲು ಅದು. ಸುಮ್ನೆ ‘ಗಿವ್’ ಹಿಂದೆ ‘ಪ್ಲೀಸ್’ ಸೇರಿಸಿದರೂ ಅಪ್ಪಣೆಯ ವಾಸನೆ ಉಳಿದೇ ಇರುತ್ತದೆ. ಮಕ್ಕಳು ಜಾಸ್ತಿ ಎಡವುವುದು ‘ವುಡ್ ಯು ಮೈಂಡ್ ಓಪನಿಂಗ್ ದಿ ಡೋರ್?’ ಎಂಬಲ್ಲಿ. ಬಾಗಿಲು ತೆಗೆಯಲು ನಿಮಗೆ ಬೇಸರವೇ ಎಂದು ಕೇಳಿದಂತೆ ಅದು. ಒಪ್ಪಿ ತೆಗೆಯುವವರು ‘ನೋ, ನಾಟ್ ಅಟ್ ಆಲ್’ ಎನ್ನಬೇಕು. ನಮ್ಮ ಮಕ್ಕಳು ‘ಯೆಸ್’ ಎಂದು ಬಾಗಿಲ ಕಡೆ ಓಡುತ್ತಾರೆ.

ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಮಗು ನೀರು ಕೇಳಿದಾಗ, ‘ಇದನ್ನೇ ನಿಮ್ಮ ಮೇಷ್ಟ್ರ ಹತ್ರ ಇಂಗ್ಲಿಷಿನಲ್ಲಿ ಹೇಗೆ ಕೇಳ್ತೀ?’ ಎನ್ನಿ. ‘ಕುಡ್ ಯು’ ಎಂದು ಶುರುವಾದರೆ ಸಾಕು. ತಪ್ಪಿದರೆ ದಯವಿಟ್ಟು ನಗಬೇಡಿ. ನೆಂಟರ ಮುಂದೆ ನಿಲ್ಲಿಸಿ ಮಾತಾಡಿಸಬೇಡಿ. ಇಂಗ್ಲಿಷಿನ ಆಸೆಗೆ ಕನ್ನಡದ ‘ರಿ’ ಬಿಡಿಸಬೇಡಿ, ಅದು ಬಲ್ಲ ಮಗುವಿಗೆ ಇದು ಬೇಗ ಹತ್ತುತ್ತದೆ.

ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ ಇದಕ್ಕೇ ಇಟ್ಟಿದ್ದೇವೆ. ಬಿಡುವಿದ್ದವರು ಬಂದು ಮಕ್ಕಳ ಜೊತೆ ಕೂರಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು
ದಾವಣಗೆರೆ