ತೊಳೆಯದ ರೀಲಿನಲ್ಲಿ ಚಿತ್ರವಿತ್ತೇ? – ಗೆಳೆಯನಿಗೊಂದು ಪತ್ರ

ಕೋಲಾರ

ಪ್ರಿಯ ಗೆಳೆಯ,

ಅಂತರಗಂಗೆಯ ಮೆಟ್ಟಿಲುಗಳ ಮೇಲೆ ಏದುಸಿರು ಬಿಡುತ್ತ ಕುಳಿತಿದ್ದಾಗ ನೀನು ಆಡಿದ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ. ‘ದೃಷ್ಟಿಯೇ ಸೃಷ್ಟಿ ಎಂದು ನಮ್ಮ ಹಿರಿಯರು ಎಂದೋ ಹೇಳಿದ್ದನ್ನು ಈಗ ಕ್ವಾಂಟಂ ವಿಜ್ಞಾನಿಗಳೂ ಒಪ್ಪಿಕೊಂಡಿದ್ದಾರೆ, ನೋಡುವವನಿಲ್ಲದೆ ಜಗತ್ತೇ ಇಲ್ಲ’ ಎಂದೆ. ಆಗ ಉತ್ತರ ಹೊಳೆಯಲಿಲ್ಲ. ಬಸವನ ಬಾಯಿಂದ ಬೀಳುವ ನೀರು ಕುಡಿದು ಇಬ್ಬರೂ ಇಳಿದು ಬಂದೆವು. ನಾನು ಓದಿದ್ದು ಪಿಯುಸಿಯವರೆಗೆ, ದುಡಿದದ್ದು ಫೋಟೊ ಸ್ಟುಡಿಯೊದಲ್ಲಿ. ಆದರೂ ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ನೋಡಿದ ಮೇಲೆ, ನಿನ್ನ ಮಾತನ್ನು ಪೂರ್ತಿ ಒಪ್ಪಲು ನನ್ನಿಂದಾಗುತ್ತಿಲ್ಲ.

ನೀನು ಹೇಳಿದ ಪ್ರಯೋಗವೇನೋ ನಿಜ. 1989ರಲ್ಲಿ ಜಪಾನಿನ ತೊನೊಮುರ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನು ಒಂದೊಂದಾಗಿ, ಎರಡು ದಾರಿಗಳಿದ್ದ ಕಡೆ ಹಾಯಿಸಿದರು. ಪರದೆಯ ಮೇಲೆ ಒಂದೊಂದೇ ಚುಕ್ಕೆ ಬಿತ್ತು. ಮೊದಲಿಗೆ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಕಂಡ ಆ ಚುಕ್ಕೆಗಳು ಸಾವಿರಗಟ್ಟಲೆ ಕೂಡಿದಾಗ, ಸೀರೆಯ ಪಟ್ಟೆಗಳಂತೆ ಸಾಲುಗಟ್ಟಿ ನಿಂತವು. ಎರಡು ದಾರಿಗಳಿಂದ ಬಂದ ಅಲೆಗಳು ಒಂದಕ್ಕೊಂದು ಬೆರೆತಾಗ ಮೂಡುವಂಥ ಪಟ್ಟೆಗಳಿವು. ಒಂಟಿಯಾಗಿ ಬಂದ ಎಲೆಕ್ಟ್ರಾನು ಎರಡೂ ದಾರಿಗಳನ್ನು ಬಲ್ಲದೆಂಬಂತೆ ನಡೆದುಕೊಂಡಿತು. ಯಾವ ದಾರಿಯಲ್ಲಿ ಬಂತೆಂದು ಪತ್ತೆಹಚ್ಚುವ ಏರ್ಪಾಡು ಮಾಡಿದರೆ ಮಾತ್ರ ಪಟ್ಟೆಗಳು ಮಾಯವಾಗುತ್ತವೆ. ‘ನೋಡಿದ್ದರಿಂದ ಬದಲಾಯಿತು’ ಎಂಬ ಮಾತು ಹುಟ್ಟಿದ್ದು ಇಲ್ಲಿ.

ನನ್ನ ತಕರಾರು ಇರುವುದು ಆ ‘ನೋಡು’ ಎಂಬ ಪದದ ಬಗ್ಗೆ. 2004ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಎಪ್ಪತ್ತು ಇಂಗಾಲದ ಪರಮಾಣುಗಳಿರುವ ದೊಡ್ಡ ಅಣುಗಳಿಂದ ಇಂಥದೇ ಪಟ್ಟೆಗಳನ್ನು ಪಡೆದು, ಬಳಿಕ ಆ ಅಣುಗಳನ್ನು ಲೇಸರಿನಿಂದ ಕಾಯಿಸುತ್ತ ಹೋದರು. ಕಾದ ಕಬ್ಬಿಣದಂತೆ ಅಣುಗಳು ತಾವಾಗಿಯೇ ಬೆಳಕು ಸೂಸತೊಡಗಿದವು, ಪಟ್ಟೆಗಳು ಮಸುಕಾಗುತ್ತ ಅಳಿಸಿಹೋದವು. ಆ ಬೆಳಕನ್ನು ಯಾರೂ ಹಿಡಿದು ನೋಡಲಿಲ್ಲ. ಅಣು ಎಲ್ಲಿತ್ತೆಂಬ ಸುಳಿವನ್ನು ಬೆಳಕು ಹೊತ್ತುಕೊಂಡು ಹೊರಟಿತು, ಅಷ್ಟೇ ಸಾಕಾಯಿತು. ಇದಕ್ಕೆ ಡಿಕೊಹೆರೆನ್ಸ್ ಎನ್ನುತ್ತಾರೆ. ನನ್ನ ಮಟ್ಟಿಗೆ, ಗುರುತು ಉಳಿಯುವುದು.

ಗುರುತಿನ ಬಗ್ಗೆ ನನಗೆ ತಿಳಿದಿರುವುದು ಡಾರ್ಕ್ ರೂಮಿನಿಂದ. ಬಂಗಾರಪೇಟೆಯ ಕಡೆಯವರೊಬ್ಬರು ಒಮ್ಮೆ ತಂದುಕೊಟ್ಟ ರೀಲು ಎಷ್ಟೋ ವರ್ಷ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದದ್ದು. ತೊಳೆದು, ಕೆಂಪು ಬಲ್ಬಿನ ಕೆಳಗೆ ಕಾಗದವನ್ನು ಟ್ರೇಯಲ್ಲಿ ಅಲುಗಾಡಿಸಿದಾಗ ಮೊದಲು ತೊಟ್ಟಿಲ ಹಗ್ಗ, ಆಮೇಲೆ ಮಗುವಿನ ಹಣೆಯ ಬೊಟ್ಟು ಮೂಡಿತು. ನಾನು ನೋಡಿದ ಕ್ಷಣದಲ್ಲಿ ಆ ಮಗು ಹುಟ್ಟಿತೇ? ಬೆಳಕು ತಾಗಿದಾಗಲೇ ಫಿಲ್ಮಿನ ಒಂದೊಂದು ಕಣದಲ್ಲಿ ನಾಲ್ಕಾರು ಬೆಳ್ಳಿಯ ಪರಮಾಣುಗಳು ಗಟ್ಟಿಯಾಗಿ ಕುಳಿತಿದ್ದವು. ರೀಲು ತೊಳೆಯುವ ಡೆವಲಪರ್ ದ್ರಾವಣ ಅವನ್ನು ದೊಡ್ಡದು ಮಾಡಿತೇ ಹೊರತು ಹೊಸದಾಗಿ ಹುಟ್ಟಿಸಲಿಲ್ಲ. 1909ರಲ್ಲಿ ಕೇಂಬ್ರಿಜ್ಜಿನ ಟೇಲರ್ ಎಂಬಾತ ಒಂದು ಸೂಜಿಯ ನೆರಳನ್ನು ತೀರ ಮಂದ ಬೆಳಕಿನಲ್ಲಿ ಫೋಟೊ ತೆಗೆಯಲು ಸುಮಾರು 2000 ಗಂಟೆ, ಅಂದರೆ ಹತ್ತಿರಹತ್ತಿರ ಮೂರು ತಿಂಗಳು, ಪ್ಲೇಟನ್ನು ಬೆಳಕಿಗೆ ಒಡ್ಡಿದ್ದನಂತೆ. ಮದುವೆ ಮನೆಯ ಕತ್ತಲಲ್ಲಿ ಒಂದು ಸೆಕೆಂಡು ಕೈ ನಡುಗದಂತೆ ಕ್ಯಾಮೆರಾ ಹಿಡಿಯಲು ಒದ್ದಾಡಿದ ನಾನು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಅಷ್ಟು ಕಾಲವೂ ಪ್ಲೇಟಿನ ಮುಂದೆ ಕಣ್ಣು ನೆಟ್ಟು ಕುಳಿತವರು ಯಾರೂ ಇರಲಿಲ್ಲ, ಸೂಜಿಯ ನೆರಳಿನಲ್ಲಿ ಅಂಥದೇ ಪಟ್ಟೆಗಳು ಮಾತ್ರ ಚೊಕ್ಕವಾಗಿ ಬಿದ್ದಿದ್ದವು.

ನಮ್ಮ ಕೆ.ಜಿ.ಎಫ್.ನಲ್ಲೇ 1965ರಲ್ಲಿ, ಎರಡು ಕಿಲೋಮೀಟರಿಗಿಂತಲೂ ಆಳದ ಗಣಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ, ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಬಂಡೆಯೊಳಗೆ ನ್ಯೂಟ್ರಿನೊ ಡಿಕ್ಕಿ ಹೊಡೆದಾಗ ಹೊರಟ ಕಣದ ಜಾಡಿನಲ್ಲಿ ನಿಯಾನ್ ಕೊಳವೆಗಳು ಮಿಂಚುತ್ತಿದ್ದವು. ಆ ಮಿಂಚನ್ನು ಬರೆದಿಟ್ಟುಕೊಂಡದ್ದು ಉಪಕರಣ; ಮನುಷ್ಯರು ನೋಡಿದ್ದು ಆಮೇಲೆ. ಆ ಕೊಳವೆಗಳಿಗೆ ಮನಸ್ಸಿತ್ತೆಂದು ನೀನೂ ಹೇಳಲಾರೆ.

ನಿನ್ನ ಪಕ್ಷದಲ್ಲಿ ದೊಡ್ಡವರೇ ಇದ್ದರು ಎಂಬುದನ್ನು ಮುಚ್ಚಿಡುವುದಿಲ್ಲ. ನೋಡುವವನ ಪ್ರಜ್ಞೆಯೇ ಕೊನೆಯ ತೀರ್ಪು ಕೊಡುತ್ತದೆ ಎಂಬ ವಾದವನ್ನು ಭೌತವಿಜ್ಞಾನಿ ವಿಗ್ನರ್ 1961ರಲ್ಲಿ ಮುಂದಿಟ್ಟಿದ್ದರು. ಆದರೆ ಮುಂದೆ ಅವರೇ ಅದನ್ನು ಕೈಬಿಟ್ಟರು. ಅದ್ವೈತಕ್ಕೆ ಲ್ಯಾಬಿನಿಂದ ಸರ್ಟಿಫಿಕೇಟು ತರಬೇಕೆಂಬ ನಿನ್ನ ಆತುರವೂ ನನಗೆ ಅರ್ಥವಾಗುವುದಿಲ್ಲ. ಅದು ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಒಂದು ಕಡೆ ಮಾತ್ರ ನಾನೂ ಸೋಲುತ್ತೇನೆ. ಗುರುತು ಉಳಿದರೆ ಪಟ್ಟೆ ಅಳಿಯುತ್ತದೆ ಎಂಬುದು ಸರಿ, ಆದರೆ ಮುಂದಿನ ಎಲೆಕ್ಟ್ರಾನಿನ ಚುಕ್ಕೆ ಇಲ್ಲೇ ಏಕೆ ಬಿತ್ತು, ನಾಲ್ಕು ಬೆರಳು ಆಚೆ ಏಕೆ ಬೀಳಲಿಲ್ಲ? ಎಲ್ಲ ಕಡೆಯೂ ಬಿದ್ದಿದೆ, ಒಂದೊಂದೂ ಒಂದೊಂದು ಲೋಕದಲ್ಲಿ ಎಂಬ ಅರ್ಥ ಬರುವ ಸಿದ್ಧಾಂತವನ್ನು ಎವರೆಟ್ ಎಂಬ ಭೌತವಿಜ್ಞಾನಿ 1957ರಲ್ಲೇ ಮಂಡಿಸಿದ್ದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈ ಬಗ್ಗೆ ವಿಜ್ಞಾನಿಗಳೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ನಿನಗೇನಾದರೂ ಹೊಳೆದರೆ ಬರೆ. ಮುಂದಿನ ಸಲ ಮೆಟ್ಟಿಲು ಹತ್ತುವ ಮೊದಲೇ ಮಾತು ಶುರುಮಾಡೋಣ, ಏದುಸಿರಿನಲ್ಲಿ ನನಗೆ ವಾದಿಸಲು ಬರುವುದಿಲ್ಲ.

ಇತಿ ನಿನ್ನ ಗೆಳೆಯ